ಸುಡದ ಇಟ್ಟಿಗೆ



ಮದ್ದೂರು, ಮಳವಳ್ಳಿ ಕಡೆ ನಾವು ಮನೆಗೆಂದು ತೆಗೆಯುವ ಸಂಘದ ಸಾಲದಲ್ಲಿ ದೊಡ್ಡ ಪಾಲು ಇಟ್ಟಿಗೆ, ಸಿಮೆಂಟಿಗೇ ಹೋಗುತ್ತದೆ. ಎರಡಕ್ಕೂ ಗೂಡು ಉರಿಯಬೇಕು. ಆ ಹೊಗೆ ಭೂಮಿಯನ್ನು ಕಾಯಿಸುತ್ತದೆ.

ಸುಡದೆ ಇಟ್ಟಿಗೆ ಆಗುತ್ತಾ? ಆಗುತ್ತೆ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋ ಜೊತೆಗೂಡಿ, ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಬೆರೆಸಿ ಇಟ್ಟಿಗೆ ಮಾಡಿದರು. ಹಾಲಿಗೆ ಹೆಪ್ಪು ಹಾಕಿದಂತೆಯೇ! ಈ ಜೀವಾಣು ಯೂರಿಯಾವನ್ನು ಒಡೆದಾಗ, ಕ್ಯಾಲ್ಸಿಯಂ ಸೇರಿ ಸುಣ್ಣದಕಲ್ಲು ಕಟ್ಟಿ, ಕಣಗಳನ್ನು ಬೆಸೆಯುತ್ತದೆ.

ಅದು ಚಂದ್ರನ ಮನೆಗೆ ಮಾಡಿದ ಪ್ರಯೋಗ. ನಮ್ಮ ಮನೆಗೆ ಈಗಲೇ ಆಗುವುದು ಅದೇ ಸಂಸ್ಥೆಯವರು ಬಳಕೆಗೆ ತಂದ ಮಣ್ಣಿನ ಬ್ಲಾಕು: ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸುವುದು.

ಸಭೆಯಲ್ಲಿ ಚರ್ಚಿಸಿ: ಸಾಲಕ್ಕೆ ಸಹಿ ಹಾಕುವ ಮುನ್ನ ಎರಡರ ಲೆಕ್ಕವನ್ನೂ ಕೇಳೋಣವೇ?