ಐಪಿ ಬದಲಿಸುವವನೇ ಐಪಿ ಬರೆಯಲಿ

ಗ್ರಾಹಕರ ವೆಬ್‌ಮೇಲ್‌ಗೆ ಎ ರೆಕಾರ್ಡ್ ಹಾಕಿಸಲೋ, ಸಿನೇಮ್ ಹಾಕಿಸಲೋ ಎಂದು ಕೇಳಿದೆಯಲ್ಲ ತಮ್ಮಾ. ಇವತ್ತು ಯಾವುದನ್ನು ಹಾಕಿಸಿದರೂ ಬ್ರೌಸರಿನಲ್ಲಿ ಪುಟ ತೆರೆಯುತ್ತದೆ. ಎರಡರ ಗುಣ ತಿಳಿಯುವುದು ಸರ್ವರ್ ಬದಲಾಯಿಸುವ ದಿನ.

ಎ ರೆಕಾರ್ಡೆಂದರೆ ಹೆಸರಿನ ಎದುರು ನೇರ ಐಪಿ. ಇನ್ನೂರು ಗ್ರಾಹಕರ ಡೊಮೇನುಗಳಲ್ಲಿ ನಿಮ್ಮ ಐಪಿ ಬರೆಸಿದೆ ಅಂದುಕೋ. ನಾಳೆ ಐಪಿ ಬದಲಾದರೆ ಇನ್ನೂರು ಕಡೆಯೂ ತಿದ್ದಬೇಕು. ಎಷ್ಟೋ ಜನರ ಡಿಎನ್‌ಎಸ್ ನಿನ್ನ ಕೈಯಲ್ಲಿರುವುದೇ ಇಲ್ಲ. ಅದರ ಪಾಸ್‌ವರ್ಡ್ ಯಾವತ್ತೋ ಕೆಲಸ ಬಿಟ್ಟು ಹೋದ ಹುಡುಗನ ಬಳಿ ಇರುತ್ತದೆ. ಸಿನೇಮ್ ಹಾಕಿಸಿದ್ದರೆ ಅವೆಲ್ಲವೂ ನಿಮ್ಮ ಡೊಮೇನಿನ ಒಂದೇ ಹೆಸರಿನತ್ತ ಬೊಟ್ಟು ಮಾಡುತ್ತವೆ. ಅದರ ಐಪಿ ತಿದ್ದಿದರೆ ಸಾಕು. ಮುಂದೆ ಐಪಿವಿ6 ಸೇರಿಸುವಾಗಲೂ ಗ್ರಾಹಕರಿಗೆ ಫೋನು ಮಾಡಬೇಕಿಲ್ಲ. ಆ ಹೆಸರಿನ ಟಿಟಿಎಲ್ (ಹಳೆಯ ಐಪಿ ಕ್ಯಾಶಿನಲ್ಲಿ ಉಳಿಯುವ ಅವಧಿ) 86400 ಸೆಕೆಂಡ್, ಅಂದರೆ ಒಂದು ದಿನ ಇದ್ದರೆ, ಸರ್ವರ್ ಬದಲಿಸುವ ಎರಡು ದಿನ ಮೊದಲೇ 300ಕ್ಕೆ ಇಳಿಸಿಡು.

ಹಾಗಂತ ಎಲ್ಲ ಕಡೆ ಸಿನೇಮ್ ಹಾಕಲು ಹೋಗಬೇಡ. ಸಿನೇಮ್ ಇರುವ ಹೆಸರಿಗೆ ಬೇರೆ ರೆಕಾರ್ಡ್ ಇರಬಾರದು ಎಂಬುದು 1987ರ ಆರ್‌ಎಫ್‌ಸಿ 1034ರ ಕಾಲದ ನಿಯಮ. ಬರಿಯ ಡೊಮೇನಿಗೆ ಎಸ್‌ಒಎ, ಎನ್‌ಎಸ್ ಇರಲೇಬೇಕಾದ್ದರಿಂದ ಅಲ್ಲಿ ಸಿನೇಮ್ ಕೂರುವುದಿಲ್ಲ. ಎಂಎಕ್ಸ್ ಕೂಡ ಸಿನೇಮ್ ಇರುವ ಹೆಸರನ್ನು ತೋರಿಸಬಾರದು. 1997ರ ಆರ್‌ಎಫ್‌ಸಿ 2181 ಇದನ್ನು ಸ್ಪಷ್ಟವಾಗಿ ಹೇಳಿದೆ. ಅನೇಕರ ಎಂಎಕ್ಸ್ ‘ಮೇಲ್’ ಎಂಬ ಹೆಸರಿಗೇ ಇರುತ್ತದೆ. ಅದನ್ನು ಮುಟ್ಟದೆ ‘ವೆಬ್‌ಮೇಲ್’ ಎಂದು ಬೇರೆ ಹೆಸರು ಮಾಡಿಸು.

ಸಿನೇಮ್ ಹಾಕಿದೊಡನೆ ಸರ್ಟಿಫಿಕೇಟ್ ತಾನಾಗಿ ಹೊಂದಿಕೊಳ್ಳುವುದಿಲ್ಲ. ಬ್ರೌಸರ್ ನೋಡುವುದು ಬಳಕೆದಾರ ಟೈಪಿಸಿದ ಹೆಸರನ್ನು. ಹಾಗಾಗಿ ಗ್ರಾಹಕರ ಹೆಸರಿಗೂ ಸರ್ಟಿಫಿಕೇಟ್ ಪಡೆದಿರಬೇಕು. ಝೋನ್ ಫೈಲಿಗೆ ಕೈಯಾರೆ ಬರೆಯುವಾಗ ನಿಮ್ಮ ಹೆಸರಿನ ಕೊನೆಗೆ ಚುಕ್ಕೆ ಇಡು. ಮರೆತರೆ ಅದರ ಬಾಲಕ್ಕೆ ಗ್ರಾಹಕರ ಡೊಮೇನೂ ಅಂಟಿಕೊಂಡು, ಎಲ್ಲಿಯೂ ಇಲ್ಲದ ವಿಳಾಸವಾಗುತ್ತದೆ. ಬರೆದಾದ ಮೇಲೆ ‘ಡಿಗ್’ ಹೊಡೆದು ನೋಡಿಯೇ ಏಳು.

ಗ್ರಾಹಕರದೇ ಸರ್ವರ್, ಅವರದೇ ಸ್ಥಿರ ಐಪಿ ಆಗಿದ್ದರೆ ಎ ರೆಕಾರ್ಡೇ ಸರಿ. ಬದಲಿಸುವವರೂ ಅವರೇ ತಾನೆ. ನಿಮ್ಮ ಸೇವೆ ಬಿಟ್ಟು ಹೋಗುವವರಿಗೆ ಮಾತ್ರ ಆ ಸಿನೇಮ್ ಅಳಿಸಲು ಹೇಳಿಯೇ ಕಳಿಸು. ಹಾಗೇ ಉಳಿದರೆ ಅವರ ಹೆಸರಿನ ಒಂದು ಬಾಗಿಲು ಬೇರೆಯವರ ಕೈಯಲ್ಲಿ ಉಳಿದ ಹಾಗೆ.