ರೇಖಾ ನಕ್ಷೆಯ ಪಾಠದಲ್ಲಿ ಧೂಮಪಾನದ ಅಂಕಿಗಳು

ಎಂಟನೇ ತರಗತಿಯ ಅಭ್ಯಾಸ ಬೋಧನೆಗೆ ನಾನು ರೇಖಾ ನಕ್ಷೆಯನ್ನು ಆರಿಸಿಕೊಂಡೆ. ರೋಗಿಯ ಜ್ವರ, ಅಂಗಡಿಯ ಮಾರಾಟ ಮುಂತಾದ ಉದಾಹರಣೆಗಳನ್ನು ಮಕ್ಕಳು ಆಗಲೇ ಬಿಡಿಸಿದ್ದರು. ಆದ್ದರಿಂದ ಬೇರೆ ಬೇರೆ ದೇಶಗಳ ಗಂಡಸರಲ್ಲಿ ಧೂಮಪಾನ ಮಾಡುವವರ ಶೇಕಡಾ ಪ್ರಮಾಣವನ್ನು ಪಾಠಯೋಜನೆಗೆ ಸೇರಿಸಿದೆ.

ಕರಿಹಲಗೆಯ ಮೇಲೆ ನಾಲ್ಕೇ ಅಂಕಿ ಬರೆದೆ. ಜಪಾನ್: 1966ರಲ್ಲಿ 83.7, 2018ರಲ್ಲಿ 27.8. ಅಮೆರಿಕ: 1965ರಲ್ಲಿ 51.9, 2018ರಲ್ಲಿ 15.6. ಎಲ್ಲಿ ಹೆಚ್ಚು ಇಳಿದಿದೆ ಎಂದು ಕೇಳಿದರೆ ಇಡೀ ತರಗತಿ "ಜಪಾನ್" ಎಂದಿತು. ಕಳೆದು ನೋಡಿದರೆ ಅದು ಸರಿ. ಜಪಾನಿನ ಇಳಿಕೆ 55.9, ಅಮೆರಿಕದ್ದು 36.3. ಮೊದಲಿದ್ದ ಪ್ರಮಾಣವನ್ನು 100 ಎಂದಿಟ್ಟುಕೊಂಡು ಈಗ ಎಷ್ಟು ಉಳಿದಿದೆ ಎಂದು ಭಾಗಿಸಿಸಿದೆ. ಜಪಾನಿಗೆ 33, ಅಮೆರಿಕಕ್ಕೆ 30 ಬಂತು. ಉತ್ತರ ತಿರುಗಿಬಿದ್ದಿತು! ಪಾಠದ ಹೆಚ್ಚಿನ ಸಮಯವನ್ನು ನಾನು ಇಲ್ಲಿಯೇ ಕಳೆದೆ. ಕಳೆಯುವುದೂ ಭಾಗಿಸುವುದೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಎಂಬುದು ಮಕ್ಕಳ ಬಾಯಿಂದಲೇ ಬರಬೇಕಿತ್ತು, ತಡವಾಗಿಯಾದರೂ ಬಂತು.

ಕಾರಣಗಳನ್ನು ಚುಟುಕಾಗಿ ಹೇಳಿದೆ. ಅಮೆರಿಕದಲ್ಲಿ 1964ರ ಸರ್ಜನ್ ಜನರಲ್ ವರದಿ, 1971ರಲ್ಲಿ ರೇಡಿಯೋ, ಟಿವಿಗಳಲ್ಲಿ ಸಿಗರೇಟ್ ಜಾಹೀರಾತು ನಿಂತದ್ದು. ಜಪಾನಿನಲ್ಲಿ 1985ರವರೆಗೂ ತಂಬಾಕು ವ್ಯಾಪಾರ ಸರ್ಕಾರದ ಕೈಯಲ್ಲೇ ಇದ್ದದ್ದು.

ಆಮೇಲೆ ಭಾರತ. 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ 2009-10ರಲ್ಲಿ 24.3, 2016-17ರಲ್ಲಿ 19.0. ಉಳಿದೆರಡು ದೇಶಗಳ ಸಮೀಕ್ಷೆಗಳಲ್ಲಿ ವಯಸ್ಸಿನ ಮಿತಿ ಬೇರೆಯಾದ್ದರಿಂದ ಇದನ್ನು ಪ್ರತ್ಯೇಕ ನಕ್ಷೆಯಲ್ಲಿ ಬರೆಸಿದೆ. ಜಪಾನಿಗಿಂತ ನಾವೇ ಮೇಲು ಎಂದು ಒಬ್ಬ ಹಿಗ್ಗಿದ. ಆಗ ಹಿಂದಿನ ಬೆಂಚಿನ ಹುಡುಗ ಕೇಳಿದ: "ನಮ್ಮಪ್ಪ ಸೇದಲ್ಲ ಸರ್, ಬಾಯಿಗೆ ಹಾಕ್ಕೊಳ್ತಾರೆ. ಅವರು ಈ ಗೆರೇಲಿ ಇದ್ದಾರಾ?"

ಇಲ್ಲ. ಪಾಠಯೋಜನೆಯ ಕೊನೆಗೆಂದು ಇಟ್ಟುಕೊಂಡಿದ್ದ ಎರಡನೆಯ ಗೆರೆಯನ್ನು ಆಗಲೇ ಎಳೆಸಿದೆ. ಬೀಡಿ, ಸಿಗರೇಟಿನ ಜೊತೆಗೆ ಗುಟ್ಕಾ, ಖೈನಿ, ಹೊಗೆಸೊಪ್ಪು ಎಲ್ಲ ಸೇರಿದರೆ ಅದೇ ಗಂಡಸರಲ್ಲಿ 47.9, ಆಮೇಲೆ 42.4. ಮೊದಲ ಗೆರೆಗಿಂತ ಎರಡು ಪಟ್ಟು ಎತ್ತರ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಯಾರ ಮನೆಯಲ್ಲಿ ಯಾರು ಏನು ಬಳಸುತ್ತಾರೆ ಎಂದು ನಾನು ಕೇಳಲಿಲ್ಲ. ಈ ಪಾಠ ಮಾಡುವ ಸಹಪಾಠಿಗಳೂ ಕೇಳಬಾರದು.

ಒಬ್ಬ ಹುಡುಗಿ ಧೂಮಪಾನದ ಗೆರೆಯನ್ನು ಚುಕ್ಕೆಗಳಲ್ಲಿ ಮುಂದಕ್ಕೆ ಎಳೆದು, ಸುಮಾರು 2041-42ಕ್ಕೆ ಸೊನ್ನೆ ಮುಟ್ಟಿಸಿದ್ದಳು. ಲೆಕ್ಕ ಸರಿಯಿತ್ತು. ಎರಡೇ ಬಿಂದುಗಳನ್ನು ನಂಬಿ ಅಷ್ಟು ದೂರ ಹೋಗಬಹುದೇ ಎಂಬುದನ್ನು ಮರುದಿನದ ಪಾಠದ ಮೊದಲ ಪ್ರಶ್ನೆಯಾಗಿ ಇಟ್ಟುಕೊಂಡೆ.