ರಾಜಕಾಲುವೆ ಪಕ್ಕದ ಸೈಟು: ಖಾತೆ ಇದ್ದರೆ ಸಾಕೆ?

ಪ್ರಶ್ನೆ: ಬೆಂಗಳೂರಿನ ಮಹದೇವಪುರ ಕಡೆ ರಾಜಕಾಲುವೆ ಪಕ್ಕದ ಸೈಟಿಗೆ ಮುಂಗಡ ಕೊಟ್ಟಿದ್ದೇನೆ. ಖಾತೆ ಇದೆ, ಅಕ್ಕಪಕ್ಕ ಮನೆಗಳೆದ್ದಿವೆ, ಬ್ಯಾಂಕ್ ಸಾಲಕ್ಕೂ ಒಪ್ಪಿದೆ. ನೋಂದಣಿ ಮಾಡಿಸಲೇ?

ಉತ್ತರ: ಈಗಲೇ ಬೇಡ. ಖಾತೆ ತೆರಿಗೆಗಾಗಿ ಇರುವ ದಾಖಲೆ. ಮನೆ ಕಟ್ಟುವ ಹಕ್ಕನ್ನು ಅದು ಕೊಡುವುದಿಲ್ಲ. ಬಿಡಿಎಯ ‘ಪರಿಷ್ಕೃತ ಮಹಾಯೋಜನೆ 2015’ ಕಾಲುವೆಯ ಮಧ್ಯದಿಂದ ಅಳೆದು ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್ (ಮನೆ ಕಟ್ಟದೆ ಬಿಡಬೇಕಾದ ಅಂತರ) ಗೊತ್ತುಪಡಿಸಿತು. ಹಸಿರು ನ್ಯಾಯಮಂಡಳಿ 2016ರಲ್ಲಿ ಹೆಚ್ಚಿಸಿದ ಅಂತರವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದುಪಡಿಸಿತು. ಇದನ್ನೇ ಹಿಡಿದು ‘ಬಫರ್ ಹೋಯಿತು’ ಎನ್ನುವ ಬ್ರೋಕರ್ ಮಾತು ನಂಬಬೇಡಿ; ಆ ತೀರ್ಪಿನಲ್ಲಿ ಬಿದ್ದುಹೋದದ್ದು ಹೆಚ್ಚುವರಿ ಅಂತರ ಮಾತ್ರ. ಪಕ್ಕದವರು ಕಟ್ಟಿದ್ದಾರೆಂಬುದು ನಿಮ್ಮ ರಕ್ಷಣೆಗೆ ಬರುವುದಿಲ್ಲ. ಬ್ಯಾಂಕ್ ನೋಡುವುದು ತನ್ನ ಸಾಲದ ಭದ್ರತೆಯನ್ನು, ನಿಮ್ಮ ಮನೆಗೆ ನುಗ್ಗುವ ನೀರನ್ನಲ್ಲ.

ಸರ್ವೆ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆಸಿ, ಪರವಾನಗಿ ಪಡೆದ ಸರ್ವೇಯರ್‌ನಿಂದ ಕಾಲುವೆಯ ಮಧ್ಯರೇಖೆಯಿಂದ ಅಳತೆ ಮಾಡಿಸಿ. ಇಂದು ಕಾಣುವ ಕಾಂಕ್ರೀಟ್ ಚರಂಡಿ ನಕ್ಷೆಯ ಕಾಲುವೆಗಿಂತ ಕಿರಿದಾಗಿರಬಹುದು. ಈಗ ಜಾರಿಯಲ್ಲಿರುವ ಅಂತರವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಕೇಳಿ. ಅಂತರ ಸರಿಯಿದ್ದರೂ 2022ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಅಲ್ಲಿ ನೀರು ಎಷ್ಟು ಎತ್ತರ ನಿಂತಿತ್ತೆಂದು ನೆರೆಯವರನ್ನು ವಿಚಾರಿಸಿ. ನಿಯಮ ಪಾಲಿಸಿದ ತಗ್ಗೂ ತಗ್ಗೇ. ಸೈಟು ಬಫರ್‌ನೊಳಗೆ ಬಿದ್ದರೆ ಮಾರಾಟದ ಕರಾರಿನೊಂದಿಗೆ ಆಸ್ತಿ ವಕೀಲರನ್ನು ಕಂಡು, ಮುಂಗಡ ವಾಪಸಿಗೆ ನೋಟಿಸ್ ಕೊಡಿಸಿ.